ದೊಡ್ಡ ಬಾಜಾಕ್ಕೆ ಅಪ್ಪ ಹಾಕಿದ ತೊಗಲು

ನಾನು ಚಿಕ್ಕವಳಿದ್ದಾಗ ಹಾಡು ಅಂದರೆ ಮೈಮುರಿಯುವ ಕೆಲಸ. ನಗಬೇಡಿ, ಮಕ್ಕಳೇ. ನಿಮಗೆ ಹಾಡು ಬೇಕಾದರೆ ಮೊಬೈಲಿನ ಮೇಲೆ ಬೆರಳಾಡಿಸಿದರೆ ಆಯಿತು. ನಮಗೆ ಒಂದು ಕೀರ್ತನೆ ಹಾಡಬೇಕಾದರೆ ಮೊದಲು ಇಬ್ಬರು ಗಂಡಸರು ಮರೆಯಲ್ಲಿ ನಿಂತು ಬೆವರು ಸುರಿಸಬೇಕಿತ್ತು. ಆಮೇಲೆ ನಾವು ಬಾಯಿ ತೆರೆಯಬೇಕಿತ್ತು. ಕೀರ್ತನೆ ಮುಗಿಯುವಷ್ಟರಲ್ಲಿ ಅವರೂ ಸುಸ್ತು, ನಾವೂ ಸುಸ್ತು. ನಮ್ಮ ಜೊತೆ ನುಡಿಯುವ ಆ ವಾದ್ಯಕ್ಕಂತೂ ನಮ್ಮೆಲ್ಲರಿಗಿಂತ ಹೆಚ್ಚು ಸುಸ್ತು.

ಅದು ನಿಜಾಮರ ಆಳ್ವಿಕೆಯ ಕಾಲ. ನಮ್ಮ ಮನೆ ಲಿಂಗಸುಗೂರಿನ ಛಾವಣಿಯ ಅಂಚಿಗಿತ್ತು. ಛಾವಣಿ ಎಂದರೆ ಹಿಂದೆ ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಜಾಗ. ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ದಂಡು ಎದ್ದು ಹೋಗಿತ್ತು. ಬಂಗಲೆಗಳ ಗೋಡೆ ಕುಸಿದು, ಕುದುರೆ ಕಟ್ಟುತ್ತಿದ್ದ ಕಡೆ ಜಾಲಿಗಿಡ ಬೆಳೆದಿತ್ತು. ಗಟ್ಟಿಯಾಗಿ ಉಳಿದದ್ದು ಅವರು ಕಟ್ಟಿಸಿದ ಕಲ್ಲಿನ ಚರ್ಚು, ಮತ್ತೆ ಅದರೊಳಗೆ ಬಿಟ್ಟುಹೋದ ಆರ್ಗನ್ನು. ಚರ್ಚಿಗೆ ನಾವು ಗುಡಿ ಎನ್ನುತ್ತಿದ್ದೆವು, ಆರ್ಗನ್ನಿಗೆ ದೊಡ್ಡ ಬಾಜಾ ಎನ್ನುತ್ತಿದ್ದೆವು.

ಅದು ನೀವು ನೋಡಿರುವ ಹಾರ್ಮೋನಿಯಂ ಥರದ್ದಲ್ಲ. ನೆಲದ ಮೇಲೆ ಬೀರುವಿನಂತೆ ನಿಂತಿತ್ತು. ಮುಂದುಗಡೆ ತವರದ ಕೊಳವೆಗಳ ಸಾಲು. ಒಂದೊಂದು ಕೊಳವೆ ಹೆಬ್ಬೆರಳಿನ ಗಾತ್ರ, ಒಂದೊಂದು ಅಪ್ಪನ ತೊಡೆಯ ಗಾತ್ರ. ಬಿಳಿ ಕಪ್ಪು ಪಟ್ಟಿಗಳನ್ನು ಒತ್ತಿದರೆ ಆಯಾ ಕೊಳವೆ ಕೂಗುತ್ತಿತ್ತು. ಆದರೆ ಕೂಗಲು ಗಾಳಿ ಬೇಕಲ್ಲ? ಅದಕ್ಕೆ ಹಿಂದುಗಡೆ ಒಂದು ತಿದಿ ಇತ್ತು. ಕಮ್ಮಾರ ಬೆಂಕಿ ಊದುವ ತಿದಿಯಂಥದ್ದೇ, ಆದರೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಅಗಲ. ಅದಕ್ಕೊಂದು ಉದ್ದನೆಯ ಕಟ್ಟಿಗೆಯ ಹಿಡಿ. ಆ ಹಿಡಿಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಆಡಿಸುವುದನ್ನು ಬಿಟ್ಟರೆ ತಿದಿ ನಿಧಾನವಾಗಿ ಕುಸಿದು, ಸ್ವರವೂ ಅದರ ಜೊತೆ ಕೆಳಗೆ ಕೆಳಗೆ ಇಳಿದು, ಕೊನೆಗೆ ಮುದುಕರ ನಿಟ್ಟುಸಿರಿನ ಹಾಗೆ ಸುಯ್ಯೆಂದು ನಿಂತುಹೋಗುತ್ತಿತ್ತು.

ಬಾಜಾ ನುಡಿಸುತ್ತಿದ್ದವಳು ನಮ್ಮಕ್ಕ. ಕೆಲವು ವರ್ಷ ನಮ್ಮ ಕಡೆ ಇದ್ದ ಒಬ್ಬ ದೊರೆಸಾನಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ದೊರೆಸಾನಿಗೆ ನಮ್ಮ ಬಿಸಿಲು ಆಗಿಬರಲಿಲ್ಲ, ಜ್ವರ ಹತ್ತಿ ತಮ್ಮ ದೇಶಕ್ಕೆ ಹೋದರು. ಆಮೇಲೆ ಆ ಪಟ್ಟಿಗಳ ಮೇಲೆ ಬೆರಳಿಡಲು ಬರುತ್ತಿದ್ದವಳು ಸುತ್ತಲಿನ ಊರುಗಳಲ್ಲೆಲ್ಲ ಅಕ್ಕ ಒಬ್ಬಳೇ. ವಾರವೆಲ್ಲ ಅವಳು ಕೂಲಿಗೆ ಹೋಗಿ ಜೋಳ ಕೊಯ್ಯುತ್ತಿದ್ದಳು. ಗರಿ ತಾಗಿ ಅಂಗೈ ಸೀಳಿರುತ್ತಿತ್ತು. ಹೊಲದಲ್ಲಿ ಯಾರು ಬೇಕಾದರೂ ಅವಳನ್ನು ಗದರಿಸಬಹುದಿತ್ತು. ಭಾನುವಾರ ಮಾತ್ರ ಅವಳು ಎತ್ತರದ ಪೀಠದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಇಡೀ ಗುಡಿ ಉಸಿರು ಹಿಡಿದು ಅವಳ ಕೈಗಾಗಿ ಕಾಯುತ್ತಿತ್ತು. ಆ ಪೀಠದ ಮೇಲಿನ ಅಕ್ಕನನ್ನು ಕಂಡರೆ ನನಗೆ ಸ್ವಲ್ಪ ಹೆದರಿಕೆಯೂ ಆಗುತ್ತಿತ್ತು.

ತಿದಿ ಆಡಿಸುತ್ತಿದ್ದವರು ಅಪ್ಪ ಮತ್ತು ದೊಡ್ಡಪ್ಪ. ನಮ್ಮದು ತೊಗಲಿನ ಕೆಲಸದ ಮನೆತನ. ಕಪಿಲೆ ಬಾವಿಗಳಿಗೆ ಬೇಕಾಗುವ ತೊಗಲಿನ ಚೀಲ ಹೊಲಿಯುವುದು ಅಪ್ಪನ ಕಸುಬು. ಆಗ ನಮ್ಮ ಸೀಮೆಗೆ ಈಗಿನ ಕಾಲುವೆ ಬಂದಿರಲಿಲ್ಲ, ಕರೆಂಟಿನ ಪಂಪೂ ಇರಲಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದರೆ ಬಾವಿಯೊಳಗಿಂದ ಆ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಚೀಲ ಸೋರಿದರೆ ಎತ್ತಿನ ದುಡಿಮೆಯೂ ಮನುಷ್ಯನ ದುಡಿಮೆಯೂ ಮಣ್ಣುಪಾಲು. ಅಪ್ಪನ ಚೀಲ ಸೋರುವುದಿಲ್ಲ ಎಂಬ ಮಾತು ಗುರುಗುಂಟಾದಿಂದ ಪಾಮನಕಲ್ಲೂರಿನವರೆಗೂ ಹಬ್ಬಿತ್ತು. ಅಪ್ಪನಿಗೆ ಹೊಲವಿರಲಿಲ್ಲ, ಎತ್ತಿರಲಿಲ್ಲ. ಆ ಹೆಸರು ಒಂದಿತ್ತು. ಯಾರಾದರೂ ತನ್ನ ತೊಗಲನ್ನು ಹೊಗಳಿದರೆ ಅಪ್ಪ ಏನೂ ಮಾತಾಡದೆ ಮೀಸೆಯೊಳಗೇ ನಗುತ್ತಿದ್ದ.

ಬಾಜಾದ ತಿದಿ ಮಾತ್ರ ಬಹಳ ಸೋರುತ್ತಿತ್ತು. ದಂಡಿನವರ ಕಾಲದ ತೊಗಲು, ನಮ್ಮ ಬಿಸಿಲಿಗೆ ಒಣಗಿ ಬಿರುಕುಬಿಟ್ಟಿತ್ತು. ಎಷ್ಟು ಆಡಿಸಿದರೂ ಗಾಳಿ ಸಾಲುತ್ತಿರಲಿಲ್ಲ. ಕೀರ್ತನೆಯ ಪ್ರತಿಯೊಂದು ಚರಣ ಏರುದನಿಯಲ್ಲಿ ಶುರುವಾಗಿ, ಕೊನೆಯ ಸಾಲಿಗೆ ಬರುವಾಗ ಸ್ವರ ಜಾರಿ ಕೆಳಗಿಳಿಯುತ್ತಿತ್ತು. ಬಾಜಾ ಇಳಿದಂತೆ ನಾವೂ ಇಳಿಯುತ್ತಿದ್ದೆವು. ಇಳಿಯದೆ ಏನು ಮಾಡುವುದು? ವರ್ಷಗಟ್ಟಲೆ ಹಾಗೇ ಹಾಡಿ ಹಾಡಿ, ಕೀರ್ತನೆ ಹಾಡುವ ರೀತಿಯೇ ಅದು ಎಂದು ನಮ್ಮ ಜನ ತಿಳಿದುಕೊಂಡಿದ್ದರು. ಅವ್ವ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಹಾಡುವಾಗಲೂ ಚರಣದ ಕೊನೆಗೆ ದನಿಯನ್ನು ಮೆಲ್ಲಗೆ ಜಾರಿಸಿ ಕೆಳಗೆ ತರುತ್ತಿದ್ದಳು. ಅಲ್ಲಿ ಬಾಜಾವೂ ಇರಲಿಲ್ಲ, ತಿದಿಯೂ ಇರಲಿಲ್ಲ. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಆವತ್ತು ಆದದ್ದೆಲ್ಲ ಆದದ್ದು ಇದರಿಂದಲೇ.

ಒಂದು ವರ್ಷ ಜೋಳದ ಸುಗ್ಗಿ ಮುಗಿಯುತ್ತಾ ಬಂದಾಗ ನಮ್ಮ ಅಯ್ಯನವರು, ಅಂದರೆ ನಮ್ಮ ಗುಡಿಯ ಪಾದ್ರಿಗಳು, ಒಂದು ಸುದ್ದಿ ತಂದರು. ದೂರದ ಪಟ್ಟಣದಲ್ಲಿ ಹೊಸ ಗುಡಿ ಕಟ್ಟಿದ್ದಾರಂತೆ, ಅಲ್ಲಿಗೊಂದು ಆರ್ಗನ್ನು ಬೇಕಂತೆ. ಲಿಂಗಸುಗೂರಿನಲ್ಲಿ ಒಂದು ಸುಮ್ಮನೆ ಹಾಳುಬಿದ್ದಿದೆ ಎಂದು ಯಾರೋ ಚಾಡಿ ಹೇಳಿದ್ದಾರೆ. ಈ ಸೀಮೆಯ ಗುಡಿಗಳಿಗೆಲ್ಲ ಮೇಲಿನವರಾದ ದೊಡ್ಡ ಪಾದ್ರಿಗಳು, ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ದಿನ ಬಂದು ನೋಡುತ್ತಾರೆ. ಬಾಜಾವನ್ನು ನಾವು ಚೆನ್ನಾಗಿ ಇಟ್ಟುಕೊಂಡು ಅದರ ಜೊತೆ ಹಾಡುತ್ತಿರುವುದು ಕಂಡರೆ ಇಲ್ಲೇ ಬಿಡುತ್ತಾರೆ, ಇಲ್ಲವಾದರೆ ಬಂಡಿ ಕಳಿಸಿ ಒಯ್ಯುತ್ತಾರೆ.

ಅಕ್ಕ ಆವತ್ತು ರೊಟ್ಟಿ ಮುಟ್ಟಲಿಲ್ಲ. ಅಳಲೂ ಇಲ್ಲ. ಬಾಗಿಲ ಹತ್ತಿರ ಕುಳಿತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಅಪ್ಪ ಅವಳ ಮುಂದಿನಿಂದಲೇ ಎರಡು ಮೂರು ಸಲ ಓಡಾಡಿದ. ಕೊನೆಗೆ ಹೇಳಿದ: "ತಿದಿಗೆ ನಾ ಹೊಸಾ ತೊಗಲ ಹಾಕ್ತೀನಿ ಬಿಡವ್ವಾ. ಹೆಂಗ ಒಯ್ತಾರ ನೋಡೂಣು."

ಅಪ್ಪ ಹಳೆಯ ತೊಗಲು ಬಿಚ್ಚಿದಾಗ ನಾನೂ ಮುಟ್ಟಿ ನೋಡಿದ್ದೆ. ಬಹಳ ತೆಳ್ಳಗಿತ್ತು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಅಪ್ಪನಿಗೆ ಅದನ್ನು ಕಂಡು ನಗು. "ಇದೇನ್ ತೊಗಲೇನು, ಉಳ್ಳಾಗಡ್ಡಿ ಸಿಪ್ಪಿ" ಎಂದ. ತಿದಿ ಹಗುರವಾಗಿ ಏಳಲೆಂದೇ ಬಾಜಾ ಮಾಡಿದವರು ಅಂಥ ತೆಳುವಾದ ತೊಗಲು ಹಾಕಿದ್ದರು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಸೋರಬಾರದು ಎಂದಮೇಲೆ ಅವನಿಗೆ ಗೊತ್ತಿದ್ದದ್ದು ಕಪಿಲೆಯ ತೊಗಲು ಒಂದೇ. ತಂಗಡಿ ಗಿಡದ ತೊಗಟೆಯಲ್ಲಿ ನೆನೆಸಿ ಹದ ಮಾಡಿದ ಕೋಣದ ದಪ್ಪ ತೊಗಲು ತಂದ. ಕುಸುಬಿ ಎಣ್ಣೆ ಸವರಿ, ಕಲ್ಲಿನ ಮೇಲೆ ಹಾಕಿ ಬಡಿದು ಬಡಿದು ಮೆತ್ತಗೆ ಮಾಡಿದ. ಹಗಲೆಲ್ಲ ಜನರ ಕೆಲಸ, ಸಂಜೆ ಬಂದು ಗುಡಿಯ ಕೆಲಸ. ಗುಡಿಯೊಳಗೆ ಬಾವಲಿಯ ವಾಸನೆ ಹೋಗಿ ಎಣ್ಣೆ ತೊಗಲಿನ ವಾಸನೆ ತುಂಬಿತು. ಬಾವಿಯ ಚೀಲಕ್ಕೆ ಹಾಕುವ ಹಾಗೆಯೇ ಎರಡು ಪದರ ಹಾಕಿ ಬಿಗಿಯಾಗಿ ಹೊಲಿದು ಮುಗಿಸುವಾಗ ಶನಿವಾರದ ಬಿಸಿಲು ಇಳಿದಿತ್ತು.

ಆ ಸಂಜೆ ಅಪ್ಪ, ದೊಡ್ಡಪ್ಪ ಹಿಡಿಗೆ ಕೈ ಹಾಕಿದರು. ತಿದಿ ಮೇಲೇಳಲೇ ಒಲ್ಲದು. ದೊಡ್ಡಪ್ಪ ಮುಖ ಕೆಂಪಗೆ ಮಾಡಿಕೊಂಡು, "ಲೇ, ಬಾಜಾಕ್ಕ ತೊಗಲ ಹಾಕೀಯೋ, ಎಮ್ಮೀನ ಒಳಗ ಕಟ್ಟೀಯೋ?" ಎಂದ. ಅಂತೂ ಇಬ್ಬರೂ ಸೇರಿ ಎತ್ತಿದರು. ಅಕ್ಕ ಒಂದು ಸ್ವರ ಒತ್ತಿ ಹಿಡಿದಳು. ಸ್ವರ ನಿಂತಿತು. ಅಲುಗಾಡದೆ, ಇಳಿಯದೆ, ಒಂದೇ ಎತ್ತರದಲ್ಲಿ ನಿಂತೇ ಇತ್ತು. ಅಕ್ಕ ಬೆರಳು ತೆಗೆಯಲೇ ಇಲ್ಲ. ನಾನು ಹುಟ್ಟಿದಾಗಿನಿಂದ ಆ ಬಾಜಾದಲ್ಲಿ ಅಂಥ ಸ್ವರ ಕೇಳಿರಲಿಲ್ಲ. ಅಪ್ಪ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದ. ನಮಗೆಲ್ಲ ಅಷ್ಟು ಹಿಗ್ಗು. ಜನ ಈ ಬಾಜಾದ ಜೊತೆ ನಾಳೆ ಹೇಗೆ ಹಾಡುತ್ತಾರೆ ಎಂಬ ಯೋಚನೆ ನಮ್ಮಲ್ಲಿ ಒಬ್ಬರಿಗಾದರೂ ಬರಬೇಕಿತ್ತು. ಬರಲಿಲ್ಲ.

ಗರಿಗಳ ಭಾನುವಾರ ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು. ಮಸ್ಕಿಯಿಂದ, ಪಾಮನಕಲ್ಲೂರಿನಿಂದ ಜನ ಬಂಡಿ ಕಟ್ಟಿಕೊಂಡು, ನಡೆದುಕೊಂಡು ಬಂದರು. ಸುಗ್ಗಿಯಲ್ಲಿ ದುಡಿದ ಜನ. ಕಣ್ಣು ಕೆಂಪು, ಹಿಮ್ಮಡಿ ಒಡೆದು ಸೀಳು, ಮೈಮೇಲೆ ಒಗೆದ ಬಟ್ಟೆ. ಈಚಲ ಗರಿ ಕೈಯಲ್ಲಿ ಹಿಡಿದು ಗುಡಿಯ ಸುತ್ತ ಸಾಲಾಗಿ ನಡೆದೆವು. ಈಚಲ ಗರಿಯ ತುದಿ ಮುಳ್ಳಿನಂತೆ ಚುಚ್ಚುತ್ತದೆ, ಮುಂದಿನವರು ಬೀಸಿದಾಗಲೆಲ್ಲ ಹಿಂದಿನವರ ಕಣ್ಣಿಗೆ ಭಯ. ನಡೆಯುವಾಗಲೇ ಒಬ್ಬ ಮುದುಕಿ ಬೇವಿನ ಮರದಡಿ ಕುಳಿತುಬಿಟ್ಟಳು, "ಮುಂದ ನಡೀರವ್ವಾ, ನಾ ಆಮ್ಯಾಲ ಬರ್ತೀನಿ" ಎಂದಳು.

ದೊಡ್ಡ ಪಾದ್ರಿಗಳು ಬಿಳಿಯರು. ಧೂಳು ತುಂಬಿದ ಮೋಟಾರಿನಲ್ಲಿ ಬಂದಿದ್ದರು. ಊರೂರು ಸುತ್ತಿ ಅವರೂ ಸೋತಿದ್ದರು. ಕೆಟ್ಟವರಲ್ಲ, ಮಕ್ಕಳ ತಲೆ ಸವರಿದರು, ಅವ್ವ ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದರು. ಅವರ ಕನ್ನಡ ಬೈಬಲಿನಿಂದಲೇ ಎದ್ದು ಬಂದಂತಿತ್ತು. ಮುಂದುಗಡೆ ಕುರ್ಚಿ ಹಾಕಿಕೊಂಡು ಕುಳಿತು, ಟೊಪ್ಪಿಗೆಯಿಂದ ಗಾಳಿ ಬೀಸಿಕೊಳ್ಳುತ್ತಾ ಬಾಜಾದ ಕಡೆ ನೋಡಿದರು.

ನಾನು ಹಾಡುವ ಹುಡುಗಿಯರ ಸಾಲಿನ ಕೊನೆಯಲ್ಲಿ, ಕೊಳವೆಗಳ ಪಕ್ಕಕ್ಕೇ ನಿಂತಿದ್ದೆ. ಅಲ್ಲಿಂದ ಮುಂದುಗಡೆ ಅಕ್ಕನೂ ಕಾಣುತ್ತಿದ್ದಳು, ಹಿಂದುಗಡೆ ಅಪ್ಪ, ದೊಡ್ಡಪ್ಪನೂ ಕಾಣುತ್ತಿದ್ದರು. ಅಕ್ಕ ಕೈ ಇಟ್ಟಳು. ಬಾಜಾ ಗುಡಿಯ ಕಲ್ಲೇ ನಡುಗುವ ಹಾಗೆ ಎದ್ದಿತು. ದೊಡ್ಡ ಪಾದ್ರಿಗಳು ಬೀಸಿಕೊಳ್ಳುವುದನ್ನು ನಿಲ್ಲಿಸಿದರು. ನಾವು ಹಾಡಲು ಹಿಡಿದೆವು. ಮೊದಲ ಸಾಲು, ಎರಡನೆಯ ಸಾಲು, ಎಲ್ಲ ಚೆನ್ನಾಗಿಯೇ ನಡೆಯಿತು.

ಚರಣದ ಕೊನೆ ಬಂತು. ಜನ ಎಂದಿನಂತೆ ದನಿ ಇಳಿಸಿದರು. ಬಾಜಾ ಇಳಿಯಲಿಲ್ಲ.

ಆ ಅಪಸ್ವರವನ್ನು ಹೇಗೆ ಹೇಳಲಿ? ಹಲ್ಲು ಜುಮ್ಮೆನ್ನುವಂತಾಯಿತು. ಜನ ಕೆಳಗೆ, ಬಾಜಾ ಮೇಲೆ, ನಡುವೆ ಹುಡುಗಿಯರಾದ ನಾವು ಎತ್ತ ಹೋಗಬೇಕೆಂದು ತಿಳಿಯದೆ ಬಾಯಿ ಆಡಿಸುತ್ತಿದ್ದೆವು. ಎರಡನೆಯ ಚರಣದಲ್ಲಿ ಅಕ್ಕ ಜೋರಾಗಿ ಒತ್ತಿದಳು, ಜನರನ್ನು ಮೇಲೆ ಎಳೆಯಲು ನೋಡಿದಳು. ಬಾಜಾ ಜೋರಾದಷ್ಟೂ ಜನರೂ ಜೋರಾದರು, ಮತ್ತೂ ಕೆಳಗೆ ಹೋದರು. ತಪ್ಪು ಬಾಜಾದ್ದೇ ಎಂದು ಅವರಿಗೆ ಖಾತ್ರಿ. ಹಿಂದಿನ ಸಾಲಿನ ಮುದುಕರು ಬಾಜಾದ ಕಡೆ ಕಣ್ಣು ಬಿಡುತ್ತಿದ್ದರು. ದೊಡ್ಡ ಪಾದ್ರಿಗಳ ಹುಬ್ಬು ಗಂಟಾಯಿತು. ನಮ್ಮ ಅಯ್ಯನವರು ನೆಲ ನೋಡುತ್ತಾ ನಿಂತರು. ಅಕ್ಕನ ಕತ್ತಿನ ಹಿಂದೆ ಬೆವರು ಹರಿಯುವುದು ನನಗೆ ಕಾಣುತ್ತಿತ್ತು.

ಹಿಂದುಗಡೆ ಅಪ್ಪನಿಗೆ ಇದಾವುದೂ ತಿಳಿದಿರಲಿಲ್ಲ. ಅಲ್ಲಿ ತಿದಿಯ ಸದ್ದೇ ದೊಡ್ಡದು. ತನ್ನ ತೊಗಲು ಎಳ್ಳಷ್ಟೂ ಗಾಳಿ ಬಿಡದ ಸಂತೋಷದಲ್ಲಿ ಅವನು ದೊಡ್ಡಪ್ಪನ ಜೊತೆ ಕಪಿಲೆ ಹೊಡೆಯುವವನ ಹಾಗೆ ತೂಗಿ ತೂಗಿ ಹಿಡಿ ಆಡಿಸುತ್ತಿದ್ದ. ಮುಖದ ತುಂಬ ಬೆವರು, ಬೆವರಿನೊಳಗೆ ಆ ಮೀಸೆಯ ನಗು. ಅಕ್ಕ ನನ್ನ ಕಡೆ ವಾಲಿ, ಕೈ ನಿಲ್ಲಿಸದೆಯೇ ಪಿಸುಗುಟ್ಟಿದಳು. "ತಂಗೀ, ಚರಣದ ಕಡೀಗೆ ಕೈ ಬಿಡಾಕ ಹೇಳ ಅಪ್ಪಗ."

ನಾನು ಸರಿದು ಹೋಗಿ ಹೇಳಿದೆ. ಅಪ್ಪನಿಗೆ ಅರ್ಥವಾಗಲಿಲ್ಲ. "ಯಾಕ, ಗಾಳಿ ಸಾಲವಲ್ದೇನು?" ಎಂದು ಇನ್ನೂ ಜೋರಾಗಿ ಆಡಿಸತೊಡಗಿದ.

"ಗಾಳಿ ಹೆಚ್ಚಾಗೈತಪ್ಪಾ. ಜನ ಇಳ್ಯಾಕತ್ತಾರ, ಬಾಜಾ ಇಳೀವಲ್ದು" ಎಂದೆ.

ಅಪ್ಪ ಕಿವಿಗೊಟ್ಟು ಕೇಳಿದ. ಆಗ ಅವನಿಗೂ ಕೇಳಿಸಿತು. ಆ ನಗು ಮೆಲ್ಲಗೆ ಹೋಯಿತು. ಅವನು ಮೊದಲು ದೊಡ್ಡಪ್ಪನ ಕೈ ತೆಗೆದ, ಆಮೇಲೆ ತನ್ನ ಕೈ ತೆಗೆದ. ತಿದಿ ನಿಧಾನವಾಗಿ ಕುಸಿಯಿತು. ಅದರ ಜೊತೆ ಬಾಜಾದ ಸ್ವರ ಇಳಿಯಿತು, ಇಳಿದು ಜನರ ದನಿಗೆ ಹೋಗಿ ಕೂಡಿಕೊಂಡಿತು. ಕೊನೆಯ ಸಾಲನ್ನು ಬಾಜಾವೂ ಜನರೂ ಒಂದೇ ಬಾಯಿಯಲ್ಲಿ ಹಾಡಿದರು. ಇಡೀ ಗುಡಿ ಒಮ್ಮೆಲೇ ಹಗುರಾಯಿತು. ಹಿಂದಿನ ಸಾಲಿನ ಮುದುಕರು ತಲೆದೂಗಿದರು.

ಆಮೇಲಿನ ಎಲ್ಲ ಕೀರ್ತನೆಗಳಿಗೂ ಹಾಗೆಯೇ. ಪ್ರತಿ ಚರಣಕ್ಕೆ ಆ ಭಾರದ ತಿದಿಯನ್ನು ಇಬ್ಬರೂ ಒದ್ದಾಡಿ ಎತ್ತುವುದು, ಕೊನೆಯ ಸಾಲು ಬರುತ್ತಲೇ ಕೈಬಿಟ್ಟು ಅದು ಕುಸಿಯುವುದನ್ನು ನೋಡುತ್ತಾ ನಿಲ್ಲುವುದು. ಇಷ್ಟು ದಿನ ನಿದ್ದೆಗೆಟ್ಟು ಹಾಕಿದ ತೊಗಲನ್ನು ಅಪ್ಪ ಸೋರುವ ತೊಗಲಿನ ಹಾಗೆ ತನ್ನ ಕೈಯಾರೆ ಆಡಿಸಬೇಕಾಯಿತು. ಎರಡು ಪಟ್ಟು ದುಡಿಮೆ. ಆರಾಧನೆ ಮುಗಿಯುವಾಗ ಅಪ್ಪ ಹಿಡಿಯ ಮೇಲೆ ಭಾರ ಹಾಕಿ ನಿಂತಿದ್ದ.

ಆದರೂ ನಮಗೆ ಗೆದ್ದೆವು ಎಂದೇ ಅನಿಸಿತ್ತು. ಇಷ್ಟು ಜನ ಬಂದಿದ್ದಾರೆ, ಎಲ್ಲರೂ ಬಾಜಾದ ಜೊತೆ ಹಾಡಿದ್ದಾರೆ. ಇನ್ನೇನು ಬೇಕು? ದೊಡ್ಡ ಪಾದ್ರಿಗಳು ಎದ್ದು ನಿಂತು ನಮ್ಮನ್ನು ಹೊಗಳಿದರು. "ನಿಮ್ಮ ಭಕ್ತಿಯು ಬಹು ದೊಡ್ಡದು," ಎಂದರು. "ಆದರೆ ಇಂಥ ಭಕ್ತಿಗೆ ವಾದ್ಯದ ಅವಶ್ಯವಿಲ್ಲ. ನೀವು ಬರಿಗಂಠದಿಂದಲೂ ಹಾಡಬಲ್ಲಿರಿ. ಪಟ್ಟಣದಲ್ಲಿ ಇದರ ಅವಶ್ಯ ಬಹಳವಾಗಿದೆ. ಇದು ಗಟ್ಟಿಯಾಗಿದ್ದರೆ ಹಬ್ಬವಾದ ಮೇಲೆ ಬಂಡಿಗಳನ್ನು ಕಳುಹಿಸುವೆನು. ಗಾಳಿ ನಿಲ್ಲದೆ ಇದ್ದರೆ ಅಷ್ಟು ದೂರ ಸಾಗಿಸಿ ಪ್ರಯೋಜನವಿಲ್ಲ, ಇಲ್ಲಿಯೇ ಇರಲಿ."

ಮೊದಲು ಹೇಳಿ ಕಳಿಸಿದ್ದೇನು, ಈಗ ಹೇಳುತ್ತಿರುವುದೇನು. ಒಯ್ಯಬೇಕೆಂದು ಮನಸ್ಸು ಮಾಡಿಯೇ ಬಂದಿದ್ದರು ಎಂದು ಕಾಣುತ್ತದೆ. ಚೆನ್ನಾಗಿಟ್ಟುಕೊಂಡರೆ ಉಳಿಯುತ್ತದೆ ಎಂದು ನಾವು ದುಡಿದಿದ್ದೆವು. ಈಗ ಚೆನ್ನಾಗಿದ್ದರೆ ಹೋಗುತ್ತದೆ ಎಂದಾಯಿತು. ಅಕ್ಕ ಪೀಠದಿಂದ ಇಳಿದು ನೆಲದ ಮೇಲೆ ನಿಂತಿದ್ದಳು.

ದೊಡ್ಡ ಪಾದ್ರಿಗಳು ಹಿಂದುಗಡೆಗೆ ಬಂದರು. ತಿದಿಯನ್ನು ಬಗ್ಗಿ ನೋಡಿದರು, ತೊಗಲಿನ ಮೇಲೆ ಕೈಯಾಡಿಸಿದರು.

"ಇದನ್ನು ಹೊಲಿದವರು ಯಾರು?"

"ನಾನ್ರೀ," ಎಂದ ಅಪ್ಪ.

"ತೊಗಲು ಹೊಸದು. ಆದರೂ ಮೊದಲ ಚರಣಗಳ ತರುವಾಯ ಸ್ವರವು ಪ್ರತಿ ಸಾರಿ ಇಳಿದುಹೋಯಿತು. ನಿನ್ನ ತೊಗಲು ಗಾಳಿಯನ್ನು ಹಿಡಿಯುವುದಿಲ್ಲವೋ?"

ಆಗ ಬಾಗಿಲಲ್ಲಿ ಗುರುಗುಂಟಾ ಕಡೆಯ ಒಬ್ಬ ಗೌಡರು ನಿಂತಿದ್ದರು. ನಿಜಾಮರ ಕಾಲದಲ್ಲಿ ಕಚೇರಿಗೆ ರಜೆ ಶುಕ್ರವಾರ. ಭಾನುವಾರ ಕಚೇರಿ ಕೆಲಸಕ್ಕೆ ಲಿಂಗಸುಗೂರಿಗೆ ಬಂದವರು, ಬೇಸಿಗೆ ಬಲಿಯುವ ಮುಂಚೆ ಬಾವಿಗೆ ಹೊಸ ಚೀಲ ಹೊಲಿಯಲು ಹೇಳೋಣವೆಂದು ಅಪ್ಪನನ್ನು ಹುಡುಕಿಕೊಂಡು ಅಲ್ಲಿಗೇ ಬಂದಿದ್ದರು. ಅವರ ಹಿಂದೆ ಗರಿ ಹಿಡಿದ ಜನ, ಮಸ್ಕಿಯವರು, ಪಾಮನಕಲ್ಲೂರಿನವರು. ಎಲ್ಲರೂ ಅಪ್ಪನ ಬಾಯಿಯನ್ನೇ ನೋಡುತ್ತಿದ್ದರು.

ಹಿಡಿಯುತ್ತದೆ, ನಿನ್ನೆ ಸಂಜೆ ನಾನೇ ಕೇಳಿದ್ದೇನೆ ಎಂದು ನನಗೆ ಕೂಗಬೇಕು ಅನಿಸಿತು. ಅಪ್ಪ ಹಿಡಿಗೆ ಕೈ ಹಾಕಿ ಒಂದು ಸಲ ಎತ್ತಿ ತೋರಿಸಿದ್ದರೆ ಸಾಕಿತ್ತು. ಅವನ ಕೈ ಹಿಡಿಯ ಮೇಲೆಯೇ ಇತ್ತು. ಅವನು ಅಕ್ಕನ ಕಡೆ ನೋಡಿದ. ಅಕ್ಕ ಅವನ ಕಡೆ ನೋಡಲಿಲ್ಲ, ತನ್ನ ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಅಪ್ಪ ಹಿಡಿಯಿಂದ ಕೈ ತೆಗೆದ.

"ಇಲ್ರೀ," ಎಂದ. "ಹಿಡಿಯಂಗಿಲ್ರೀ."

ದೊಡ್ಡ ಪಾದ್ರಿಗಳು ತಲೆಯಾಡಿಸಿ ಟೊಪ್ಪಿಗೆ ಹಾಕಿಕೊಂಡರು. ಅವರಿಗೂ ಆ ಬಿಸಿಲಲ್ಲಿ ಒಂದು ಕೆಲಸ ತಪ್ಪಿದ್ದು ಹಿತವೇ ಆಗಿತ್ತೋ ಏನೋ. ಗೌಡರು, "ಗಾಳೀನ ಹಿಡೀಲಿಲ್ಲಂದ್ರ ನೀರ ಏನ್ ಹಿಡಿದೀತು" ಎಂದು ಮೆಟ್ಟು ಮೆಟ್ಟಿಕೊಂಡು ಹೋದರು. ಅಪ್ಪ ಕೇಳಿಸಿಕೊಂಡ. ಮೋಟಾರು ಹೋದ ಮೇಲೆ ದೊಡ್ಡಪ್ಪ ಸಿಟ್ಟಿನಿಂದ, "ಯಾಕ ಹಂಗಂದಿ?" ಎಂದು ಕೇಳಿದ. ಅಪ್ಪ ಬೇವಿನ ಮರದಡಿ ಕುಳಿತು, ಕುಡಿಯಲು ನೀರು ತಾ ಎಂದು ನನ್ನನ್ನು ಕಳಿಸಿದ. ತಂಬಿಗೆ ತುಂಬ ನೀರು ಕುಡಿದು ಅಲ್ಲೇ ಮಣ್ಣಿನ ಮೇಲೆ ಒರಗಿ ನಿದ್ದೆ ಹೋದ. ಅಕ್ಕ ಅವನ ಪಕ್ಕದಲ್ಲಿ ಕುಳಿತು ಈಚಲ ಗರಿಯಿಂದ ಗಾಳಿ ಬೀಸುತ್ತಿದ್ದಳು. ಆವತ್ತು ನಾವು ಮನೆಗೆ ಹೋದದ್ದು ಬಿಸಿಲು ತಣ್ಣಗಾದ ಮೇಲೆಯೇ.

ಬಾಜಾ ನಮ್ಮಲ್ಲೇ ಉಳಿಯಿತು. ಆದರೆ ಅಪ್ಪನ ತೊಗಲು ಗುಡಿಯಲ್ಲಿ ಸೋತಿತಂತೆ ಎಂಬ ಮಾತು ನಮಗಿಂತ ಬೇಗ ಊರೂರಿಗೆ ಹೋಯಿತು. ಆ ಬೇಸಿಗೆಯಲ್ಲಿ ಬಾವಿಯ ಚೀಲಕ್ಕೆಂದು ನಮ್ಮ ಮನೆಗೆ ಬಂದವರು ಕಡಿಮೆ. ಅಪ್ಪ ಅಕ್ಕನ ಜೊತೆ ತಾನೂ ಕೂಲಿಗೆ ಹೋದ. ಈಸ್ಟರ್ ದಿನ ಎಲ್ಲರೂ ಮುಂದೆ ಹೋಗಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅಪ್ಪ ಹೋಗಲಿಲ್ಲ. ಗುಡಿಯೊಳಗೆ ನಿಂತು ಸುಳ್ಳು ಹೇಳಿದವನು ನಾನು, ಅದನ್ನು ಹೇಗೆ ಮುಟ್ಟಲಿ ಎಂದು ಅವ್ವನ ಹತ್ತಿರ ಒಂದು ಸಲ ಹೇಳಿದ್ದನಂತೆ. ತಿದಿಯ ಪಕ್ಕದಲ್ಲೇ ನಿಂತಿದ್ದ.

ನಿಜ ಗೊತ್ತಿದ್ದವರು ನಮ್ಮ ಮನೆಯವರಷ್ಟೇ. ಬಾಜಾ ಗಟ್ಟಿಯಾಗಿದೆ ಎಂದು ಗೊತ್ತಾದರೆ ಬಂಡಿ ಬರುತ್ತದಲ್ಲ, ಅದಕ್ಕೆ ಭಾನುವಾರ ಚರಣ ಚರಣಕ್ಕೂ ಅಪ್ಪ ಕೈಬಿಡುತ್ತಲೇ ಹೋದ, ವರ್ಷಗಟ್ಟಲೆ. ಆದರೆ ವಾರದ ನಡುವೆ ಕೆಲವು ಸಂಜೆ, ಇಬ್ಬರೂ ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ, ಅಪ್ಪ ಅಕ್ಕನಿಗೆ ಬಾ ಎನ್ನುತ್ತಿದ್ದ. ದೊಡ್ಡಪ್ಪ ಗೊಣಗುತ್ತಲೇ ಹಿಂದೆ ಬರುತ್ತಿದ್ದ. ಗುಡಿಯ ಬಾಗಿಲು ಹಾಕಿಕೊಂಡು ಅಕ್ಕ ನುಡಿಸುತ್ತಿದ್ದಳು. ಅಣ್ಣತಮ್ಮ ಇಬ್ಬರೂ ಕೈ ಬಿಡದೆ ತಿದಿ ಆಡಿಸುತ್ತಿದ್ದರು. ಸ್ವರ ನೆಟ್ಟಗೆ ನಿಲ್ಲುತ್ತಿತ್ತು. ನಾನು ಕೇಳುತ್ತಾ ಕೇಳುತ್ತಾ ಬೆಂಚಿನ ಮೇಲೆ ತೂಕಡಿಸುತ್ತಿದ್ದೆ.

ಈಗ ನಿಮ್ಮ ಸಿಂಧನೂರಿನ ಚರ್ಚಿನಲ್ಲಿ ಕೀಬೋರ್ಡ್ ಇದೆ. ಬಗಲಲ್ಲಿ ಹಿಡಿದುಕೊಂಡು ಹೋಗುವಷ್ಟು ಹಗುರ. ಗುಂಡಿ ಒತ್ತಿದರೆ ಆರ್ಗನ್ನಿನ ದನಿ, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದು ಒತ್ತಿದರೆ ತಬಲಾ ತಾನೇ ಬಾರಿಸಿಕೊಳ್ಳುತ್ತದೆ. ಹಿಂದುಗಡೆ ಯಾರೂ ನಿಂತಿರುವುದಿಲ್ಲ, ಒಂದು ವೈರು ಗೋಡೆಗೆ ಹೋಗಿರುತ್ತದೆ. ಎಷ್ಟು ಹೊತ್ತು ಹಾಡಿದರೂ ನಿಮ್ಮಲ್ಲಿ ಯಾರಿಗೂ ದಣಿವಿಲ್ಲ. ನನಗೆ ಅದರ ಮೇಲೆ ಹೊಟ್ಟೆಕಿಚ್ಚೇನೂ ಇಲ್ಲ. ಅಪ್ಪ, ದೊಡ್ಡಪ್ಪನಿಗೆ ಅಂಥದ್ದೊಂದು ಸಿಕ್ಕಿದ್ದರೆ ಅವರ ಬೆನ್ನು ಎಷ್ಟೋ ಉಳಿಯುತ್ತಿತ್ತು.

ಮೊನ್ನೆ ಇದನ್ನೆಲ್ಲ ಹೇಳಿದಾಗ ನಿಮ್ಮಲ್ಲಿ ಚಿಕ್ಕವಳು ಕೇಳಿದಳು, ಆಮೇಲಾದರೂ ಮುತ್ತಜ್ಜ ನಿಜ ಹೇಳಬಹುದಿತ್ತಲ್ಲ ಎಂದು. ಯಾರಿಗೆ ಹೇಳುವುದು, ಮಗಳೇ? ದೊಡ್ಡ ಪಾದ್ರಿಗಳು ತಮ್ಮ ದೇಶಕ್ಕೆ ಹೋದರು. ನಿಜಾಮರು ಹೋದರು. ಕಪಿಲೆಗಳು ಹೋದವು, ಗೌಡರ ಬಾವಿಗೆ ಪಂಪು ಬಂತು. ಅಪ್ಪ ಹೋದ, ಅಕ್ಕನೂ ಹೋದಳು. ಹಿಡಿ ಆಡಿಸುವವರಿಲ್ಲದೆ ಬಾಜಾಕ್ಕೆ ಇಲಿ ಹತ್ತಿತು. ಆವತ್ತು ಕೇಳಿದವರೆಲ್ಲ ಹಿಡಿಯುವುದಿಲ್ಲ ಎಂದೇ ನಂಬಿ ಸತ್ತುಹೋದರು. ಈಗ ನಾನೊಬ್ಬಳು ಉಳಿದಿದ್ದೇನೆ, ನನಗೂ ಸಾಕಾಗಿದೆ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ, ನೀವಾದರೂ ತಿಳಿದುಕೊಳ್ಳಿ. ನಮ್ಮಪ್ಪ ಹಾಕಿದ ತೊಗಲು ಗಾಳಿ ಹಿಡಿಯುತ್ತಿತ್ತು.